ಮಿಶ್ರತಳಿ ರಾಸುಗಳಲ್ಲಿ ಉಣ್ಣೆ ಜ್ವರ: ಮೊದಲ ದಿನವೇ ಗುರುತಿಸುವುದು ಹೇಗೆ?



ನಿನ್ನೆ ಸಂಜೆ ಆರು ಲೀಟರು ಕರೆದ ಹಸು ಇಂದು ಬೆಳಿಗ್ಗೆ ಮೂರೇ ಲೀಟರಿಗೆ ನಿಲ್ಲಿಸಿದೆ. ಹಿಂಡಿ ಬೂಸಾ ಹಾಗೆಯೇ ಉಳಿದಿದೆ. ಕಿವಿ ಜೋತು ಬಿದ್ದಿದೆ, ಕಣ್ಣಲ್ಲಿ ನೀರು ಸೋರುತ್ತಿದೆ. ಇಂಥ ಹೊತ್ತಿನಲ್ಲಿ ನಮ್ಮಲ್ಲಿ ಹೆಚ್ಚಿನವರು ಹೇಳುವ ಮಾತು ಒಂದೇ: "ಬಿಸಿಲಿನ ಝಳ ಇರಬೇಕು, ಎರಡು ದಿನ ನೋಡೋಣ."

ಆ ಎರಡು ದಿನಗಳೇ ಹಸುವಿನ ಜೀವವನ್ನು ತೀರ್ಮಾನಿಸುವ ದಿನಗಳಾಗಿರಬಹುದು. ಎಚ್.ಎಫ್., ಜರ್ಸಿ ಮಿಶ್ರತಳಿ ಹಸುಗಳಲ್ಲಿ ಉಣ್ಣೆ ಜ್ವರ ಮೊದಲ ಹಂತದಲ್ಲಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ರಕ್ತ ಬತ್ತಿ, ಉಸಿರು ಮೇಲಕ್ಕೆ ಹತ್ತಿದ ಮೇಲೆ ಅದೇ ಔಷಧಿ ಕೊಟ್ಟರೂ ಹಸು ಉಳಿಯುವ ಭರವಸೆ ಕಡಿಮೆ. ಬಟವಾಡೆಯ ಹಣದಿಂದಲೇ ಮನೆ ನಡೆಸುವ ಕುಟುಂಬಕ್ಕೆ ಕರೆಯುವ ಹಸುವೊಂದು ಹೋಯಿತೆಂದರೆ ಅದರ ಅರ್ಥ ಏನೆಂಬುದು ನಿಮಗೆ ಗೊತ್ತಿರುವುದೇ. ಆದ್ದರಿಂದ ಈ ರೋಗವನ್ನು ಕೊಟ್ಟಿಗೆಯಲ್ಲೇ, ಕೈಯಿಂದ ಮುಟ್ಟಿ, ಕಣ್ಣಿಂದ ನೋಡಿ ಗುರುತಿಸುವ ಬಗೆಯನ್ನು ಇಲ್ಲಿ ತಿಳಿಸಿದ್ದೇವೆ.

ಉಣ್ಣೆಗೂ ಜ್ವರಕ್ಕೂ ಏನು ಸಂಬಂಧ?

ಉಣ್ಣೆಯನ್ನು ಕೆಲವರು ಉಣುಗು ಎನ್ನುತ್ತಾರೆ. ನಮ್ಮ ಜಿಲ್ಲೆಯ ತೆಲುಗು ಮಾತನಾಡುವ ಮನೆಗಳಲ್ಲಿ ಅದು ಪಿಡುದು. ಹೆಸರು ಏನೇ ಇರಲಿ, ಅದು ರಕ್ತ ಹೀರುವುದಷ್ಟೇ ಅಲ್ಲ, ಹೀರುವಾಗ ತನ್ನ ಜೊಲ್ಲಿನ ಮೂಲಕ ರೋಗಾಣುಗಳನ್ನು ಹಸುವಿನ ಮೈಗೆ ಸೇರಿಸುತ್ತದೆ. ಅಮೆರಿಕದಲ್ಲಿ ದನಗಳನ್ನು ಸಾಯಿಸುತ್ತಿದ್ದ ಟೆಕ್ಸಾಸ್ ಜ್ವರ ಉಣ್ಣೆಯಿಂದ ಹರಡುತ್ತದೆಂದು ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ ಎಂಬ ವಿಜ್ಞಾನಿಗಳು 1893ರಲ್ಲಿ ತೋರಿಸಿಕೊಟ್ಟರು. ಸೊಳ್ಳೆಯಿಂದ ಮಲೇರಿಯಾ ಬರುತ್ತದೆಂದು ಜಗತ್ತಿಗೆ ತಿಳಿಯುವ ಮೊದಲೇ ಉಣ್ಣೆಯ ಕೆಲಸ ಗೊತ್ತಾಗಿತ್ತು.

ನಮ್ಮ ಕೊಟ್ಟಿಗೆಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಉಣ್ಣೆಗಳಿವೆ. ಒಂದು, ಮರಿಯಾಗಿ ಹತ್ತಿದ್ದು ಸುಮಾರು ಮೂರು ವಾರ ಅದೇ ಹಸುವಿನ ಮೇಲೆ ಬೆಳೆದು, ರಕ್ತ ತುಂಬಿ ಬೂದು ಬಣ್ಣಕ್ಕೆ ಉಬ್ಬಿ, ಕೊನೆಗೆ ಕೆಳಗೆ ಬೀಳುವ ಉಣ್ಣೆ. ಇನ್ನೊಂದು ಕಂದು ಬಣ್ಣದ್ದು, ಉದ್ದ ಕಾಲಿನದು. ಕಾಲುಗಳ ಮೇಲೆ ಬಿಳಿ ಪಟ್ಟೆ ಕಾಣುತ್ತದೆ. ಇದು ಬೆಳೆಯುವಾಗ ನಡುವೆ ಹಸುವಿನಿಂದ ಇಳಿದು ಗೋಡೆ ಬಿರುಕಿನಲ್ಲಿ ಅಡಗಿ ಮತ್ತೆ ಹತ್ತುತ್ತದೆ. ಥೈಲೇರಿಯಾ ಎಂಬ ಮಾರಕ ಜ್ವರವನ್ನು ತರುವುದು ಈ ಎರಡನೆಯದು.

ಒಂದು ಸಮಾಧಾನದ ವಿಷಯವಿದೆ. ಉಣ್ಣೆ ಕಚ್ಚಿದ ಗಳಿಗೆಯಲ್ಲೇ ಥೈಲೇರಿಯಾ ಅಂಟುವುದಿಲ್ಲ. ಸಾಮಾನ್ಯವಾಗಿ ಎರಡು ಮೂರು ದಿನ ಅದು ರಕ್ತ ಹೀರಿದ ಮೇಲೆ ರೋಗಾಣು ಬಲಿತು ಹಸುವಿಗೆ ದಾಟುತ್ತದೆ. ಹಾಗಾಗಿ ದಿನವೂ ಮೈ ಉಜ್ಜಿ ಉಣ್ಣೆ ತೆಗೆಯುವವರ ಮನೆಯಲ್ಲಿ ರೋಗ ಕಡಿಮೆ.

ಥೈಲೇರಿಯಾ: ಹೆಗಲ ಮುಂದಿನ ಗಂಟು

ಸೋಂಕು ತಗುಲಿದ ಒಂದರಿಂದ ಮೂರು ವಾರಗಳಲ್ಲಿ ಜ್ವರ ಕಾಣುತ್ತದೆ. ಹಳ್ಳಿಕಾರ್‌ನಂಥ ನಾಟಿ ರಾಸುಗಳು ಇದನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಮಿಶ್ರತಳಿ ಹಸುಗಳಿಗೆ, ಅದರಲ್ಲೂ ಹೊಸದಾಗಿ ಕರು ಹಾಕಿದವುಗಳಿಗೆ ಮತ್ತು ಕರುಗಳಿಗೆ ಅಪಾಯ ಹೆಚ್ಚು. ಗಮನಿಸಬೇಕಾದ ಲಕ್ಷಣಗಳು ಇವು:

1. ಜ್ವರ. ಆರೋಗ್ಯವಾಗಿರುವ ಹಸುವಿನ ಮೈ ಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಈ ರೋಗದಲ್ಲಿ ಅದು 104ರಿಂದ 106 ಡಿಗ್ರಿಗೆ ಏರಿ ಹಲವು ದಿನ ಇಳಿಯದೆ ನಿಲ್ಲುತ್ತದೆ. ಕಿವಿ ಮುಟ್ಟಿ ಜ್ವರ ಹೇಳುವುದು ನಂಬಿಕೆಗೆ ಅರ್ಹವಲ್ಲ. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. ತುದಿಗೆ ಸ್ವಲ್ಪ ಎಣ್ಣೆ ಸವರಿ, ಗುದದ್ವಾರದಲ್ಲಿ ಒಳಗೋಡೆಗೆ ತಾಗುವಂತೆ ಇಟ್ಟು ಎರಡು ನಿಮಿಷ ಹಿಡಿಯಿರಿ.

2. ಗಂಟು. ಇದೇ ಮುಖ್ಯವಾದ ಗುರುತು. ಹಸುವಿನ ಮುಂಗಾಲು ಮೈಗೆ ಸೇರುವಲ್ಲಿ, ಹೆಗಲಿನ ಮುಂದಿನ ಅಂಚಿನ ಮೇಲೆ ಅಂಗೈ ಒತ್ತಿ ಬೆರಳುಗಳನ್ನು ಹಿಂದಕ್ಕೂ ಮುಂದಕ್ಕೂ ಜಾರಿಸಿ. ಚರ್ಮದ ಕೆಳಗೆ ದುಗ್ಧರಸ ಗ್ರಂಥಿ ಇರುತ್ತದೆ. ಆರೋಗ್ಯದ ಹಸುವಿನಲ್ಲಿ ಅದು ಕೈಗೆ ಸಿಕ್ಕೂ ಸಿಗದಂತೆ ಜಾರುತ್ತದೆ. ರೋಗ ಬಂದಾಗ ನಿಂಬೆಹಣ್ಣಿನಷ್ಟು, ಕೆಲವೊಮ್ಮೆ ಮುಷ್ಟಿಯಷ್ಟು ದಪ್ಪಗೆ ಊದಿಕೊಂಡು ಕಣ್ಣಿಗೇ ಕಾಣುತ್ತದೆ. ಎರಡೂ ಹೆಗಲು ನೋಡಿ. ಹಿಂಗಾಲಿನ ಮುಂದೆ ಪಕ್ಕೆಯ ಮಡಿಕೆಯಲ್ಲೂ ಇಂಥದೇ ಗ್ರಂಥಿ ಇದೆ.

3. ಕಣ್ಣು ಮೂಗು. ಕಣ್ಣಲ್ಲಿ ನೀರು, ರೆಪ್ಪೆ ಊತ, ಮೂಗಿನಲ್ಲಿ ಸಿಂಬಳ, ಕೆಮ್ಮು. ಕರುಗಳಲ್ಲಿ ಕಣ್ಣುಗುಡ್ಡೆ ಮುಂದಕ್ಕೆ ಉಬ್ಬುವುದುಂಟು, ಕಣ್ಣಿಗೆ ಬಿಳಿ ಪೊರೆ ಕವಿಯುವುದುಂಟು.

4. ರಕ್ತಹೀನತೆ. ಕೆಳಗಿನ ರೆಪ್ಪೆಯನ್ನು ಬೆರಳಿಂದ ಎಳೆದು ನೋಡಿ. ಗುಲಾಬಿ ಬಣ್ಣವಿರಬೇಕು. ಕಾಗದದಂತೆ ಬಿಳಿಚಿದ್ದರೆ ಅಥವಾ ಹಳದಿಯಾಗಿದ್ದರೆ ರೋಗ ಮುಂದುವರಿದಿದೆ ಎಂದು ತಿಳಿಯಿರಿ. ಉಬ್ಬಸ, ಸಗಣಿಯಲ್ಲಿ ರಕ್ತ, ಮೇಲೇಳಲಾಗದ ನಿಶ್ಶಕ್ತಿ ಇವು ಕೊನೆಯ ಹಂತದ ಲಕ್ಷಣಗಳು.

ಜ್ವರ ಮತ್ತು ಗಂಟು ಎರಡೂ ಒಟ್ಟಿಗೆ ಕಂಡರೆ ಮೂರನೆಯ ಲಕ್ಷಣಕ್ಕೆ ಕಾಯಬೇಡಿ.

ಒಂದು ಅಭ್ಯಾಸ ಮಾಡಿಕೊಳ್ಳಿ. ಹಸು ಚೆನ್ನಾಗಿರುವಾಗಲೇ ವಾರಕ್ಕೊಮ್ಮೆ ಅದರ ಹೆಗಲ ಮುಂದೆ ಕೈಯಾಡಿಸಿ. ಸರಿಯಾಗಿದ್ದಾಗ ಹೇಗಿರುತ್ತದೆಂದು ಕೈಗೆ ಗೊತ್ತಿದ್ದರೆ ಮಾತ್ರ ಊದಿಕೊಂಡಾಗ ತಿಳಿಯುತ್ತದೆ. ರೇಷ್ಮೆ ಹುಳು ಯಾವ ಜ್ವರಕ್ಕೆ ಕೂತಿದೆ, ಯಾವ ಹೊತ್ತಿಗೆ ಎದ್ದೀತು ಎಂದು ಲೆಕ್ಕ ಹಾಕಿ ಹೇಳುವ ಶಿಡ್ಲಘಟ್ಟ, ಚಿಂತಾಮಣಿಯ ನಮ್ಮ ತಾಯಂದಿರಿಗೆ ಹಸುವಿನ ಜ್ವರ ಹಿಡಿಯುವುದು ಕಷ್ಟವಲ್ಲ.

ಗಂಜಲದ ಬಣ್ಣ ನೋಡಿ

ಉಣ್ಣೆ ತರುವ ಇನ್ನೆರಡು ಜ್ವರಗಳಿವೆ. ಬೆಬೀಸಿಯಾ ರೋಗದಲ್ಲಿ ಜ್ವರದ ಜೊತೆಗೆ ಗಂಜಲ ಕೆಂಪಗೆ ಅಥವಾ ಕಾಫಿ ಕಷಾಯದ ಬಣ್ಣಕ್ಕೆ ತಿರುಗುತ್ತದೆ. ರೋಗಾಣು ರಕ್ತದ ಕೆಂಪು ಕಣಗಳನ್ನು ಒಡೆಯುವುದೇ ಇದಕ್ಕೆ ಕಾರಣ. ಅನಾಪ್ಲಾಸ್ಮಾ ರೋಗದಲ್ಲೂ ಜ್ವರ, ರಕ್ತಹೀನತೆ, ಕಾಮಾಲೆ ಇರುತ್ತವೆ, ಸಗಣಿ ಗಟ್ಟಿಯಾಗುತ್ತದೆ, ಆದರೆ ಗಂಜಲ ಕೆಂಪಾಗುವುದಿಲ್ಲ. ಅನಾಪ್ಲಾಸ್ಮಾ ಉಣ್ಣೆಯಿಂದ ಮಾತ್ರವಲ್ಲ, ಕಚ್ಚುವ ನೊಣಗಳಿಂದಲೂ, ಒಂದೇ ಸೂಜಿಯನ್ನು ಹಲವು ಹಸುಗಳಿಗೆ ಚುಚ್ಚುವುದರಿಂದಲೂ ಹರಡುತ್ತದೆ. ಪ್ರತಿ ಹಸುವಿಗೂ ಬೇರೆ ಸೂಜಿ ಬಳಸುವಂತೆ ಕೇಳುವುದು ನಿಮ್ಮ ಹಕ್ಕು.

ಮೂರು ರೋಗಗಳಿಗೂ ಔಷಧಿ ಬೇರೆ ಬೇರೆ. ಥೈಲೇರಿಯಾಕ್ಕೆ ಬುಪಾರ್ವಾಕ್ವೋನ್, ಬೆಬೀಸಿಯಾಕ್ಕೆ ಡೈಮಿನಜೀನ್ ಅಥವಾ ಇಮಿಡೋಕಾರ್ಬ್, ಅನಾಪ್ಲಾಸ್ಮಾಕ್ಕೆ ಟೆಟ್ರಾಸೈಕ್ಲಿನ್ ವರ್ಗದ ಔಷಧಿಗಳನ್ನು ವೈದ್ಯರು ಬಳಸುತ್ತಾರೆ. ಹೀಗಿರುವಾಗ ಅಂಗಡಿಯಿಂದ ಯಾವುದೋ ಜ್ವರದ ಇಂಜೆಕ್ಷನ್ ತಂದು ಚುಚ್ಚಿಸುವುದರಿಂದ ಪ್ರಯೋಜನವಿಲ್ಲ. ಮೈ ಶಾಖ ಒಂದು ದಿನ ಇಳಿದೀತು, ರೋಗಾಣು ಒಳಗೇ ಉಳಿದೀತು.

ಮೊದಲ ದಿನ ಏನು ಮಾಡಬೇಕು?

ಜ್ವರ 104 ಡಿಗ್ರಿಗೆ ಬಂದಿದ್ದರೆ ಅಂದೇ ನಿಮ್ಮ ಸಂಘದ ಕಾರ್ಯದರ್ಶಿಗೆ ತಿಳಿಸಿ ಪಶುವೈದ್ಯರನ್ನು ಕರೆಸಿ, ಅಥವಾ 1962 ಸಂಖ್ಯೆಯ ಪಶು ಸಹಾಯವಾಣಿಗೆ ಕರೆ ಮಾಡಿ. ವೈದ್ಯರಿಗೆ ಮೂರು ವಿಷಯ ಹೇಳಿ: ಜ್ವರ ಎಷ್ಟು, ಗಂಟು ಇದೆಯೇ, ಗಂಜಲದ ಬಣ್ಣ ಏನು. ಚಿಕಿತ್ಸೆ ಆರಂಭಿಸುವ ಮೊದಲು ರಕ್ತ ಲೇಪನ ತೆಗೆಯಲು ಕೇಳಿಕೊಳ್ಳಿ. ಕಿವಿಯ ನರದಿಂದ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗಾಣು ಯಾವುದೆಂದು ತಿಳಿಯುತ್ತದೆ.

ಹಸುವನ್ನು ನೆರಳಿನಲ್ಲಿ ಕಟ್ಟಿ, ಕುಡಿಯಲು ಧಾರಾಳ ನೀರು, ಹಸಿರು ಮೇವು ಕೊಡಿ. ನಡೆಸಿಕೊಂಡು ದೂರ ಒಯ್ಯಬೇಡಿ. ಚಿಕಿತ್ಸೆ ಪಡೆದ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಸಂಘಕ್ಕೆ ಹಾಕಬೇಡಿ. ಒಂದು ಮನೆಯ ಔಷಧಿ ಬೆರೆತ ಹಾಲು ಇಡೀ ಊರಿನ ಹಾಲನ್ನು ಕೆಡಿಸುತ್ತದೆ.

ಗುಣವಾದ ಹಸುವಿನ ರಕ್ತದಲ್ಲಿ ರೋಗಾಣು ಸ್ವಲ್ಪ ಪ್ರಮಾಣದಲ್ಲಿ ಉಳಿಯಬಹುದು. ಅದರ ರಕ್ತ ಕುಡಿದ ಉಣ್ಣೆ ಪಕ್ಕದ ಹಸುವಿಗೆ ರೋಗ ದಾಟಿಸುತ್ತದೆ. ಸಂತೆಯಿಂದ ತಂದ ಹೊಸ ಹಸುವನ್ನು ಮೂರು ವಾರ ಬೇರೆ ಕಟ್ಟಿ, ಉಣ್ಣೆ ತೆಗೆದು, ಜ್ವರ ನೋಡಿಕೊಂಡು ಆಮೇಲೆ ಜೊತೆಗೆ ಸೇರಿಸಿ. ಥೈಲೇರಿಯಾಕ್ಕೆ ಲಸಿಕೆಯೂ ಇದೆ. ನಿಮ್ಮ ಹಸು ಕರುಗಳಿಗೆ ಅದು ಬೇಕೇ, ಯಾವಾಗ ಹಾಕಿಸಬೇಕು ಎಂಬುದನ್ನು ವೈದ್ಯರಲ್ಲಿ ವಿಚಾರಿಸಿ.

ಹಸುವಿನ ಮೇಲೆ ಮಾತ್ರವಲ್ಲ, ಗೋಡೆಯಲ್ಲೂ ಉಣ್ಣೆ

ರಕ್ತ ತುಂಬಿ ಕೆಳಗೆ ಬಿದ್ದ ಒಂದು ಹೆಣ್ಣು ಉಣ್ಣೆ ಎರಡು ಮೂರು ಸಾವಿರ ಮೊಟ್ಟೆ ಇಡಬಲ್ಲದು. ಕಲ್ಲುಚಪ್ಪಡಿಯ ಸಂದು, ಮಣ್ಣುಗೋಡೆಯ ಬಿರುಕು, ಗೋದಲಿಯ ಅಡಿ ಇವೇ ಅದರ ಮನೆ. ಹಸುವಿಗೆ ಮಾತ್ರ ಔಷಧಿ ಹೊಡೆದು ಗೋಡೆಯನ್ನು ಬಿಟ್ಟರೆ ಹದಿನೈದು ದಿನದಲ್ಲಿ ಉಣ್ಣೆ ಮತ್ತೆ ಹಾಜರು. ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿ, ಗೋಡೆಗೆ ಸುಣ್ಣ ಬಳಿಯಿರಿ, ತಿಪ್ಪೆಯನ್ನು ಕೊಟ್ಟಿಗೆಯಿಂದ ದೂರವಿಡಿ. ಮುಂಗಾರು ಮಳೆ ಬಿದ್ದ ಮೇಲೆ ಉಣ್ಣೆ ಹೆಚ್ಚುವುದರಿಂದ ಈ ಕೆಲಸ ಮಳೆಗೆ ಮುಂಚೆಯೇ ಮುಗಿಯಲಿ.

ಸಿಂಪಡಿಸುವ ಔಷಧಿಯ ಪ್ರಮಾಣ ಸೀಸೆಯ ಮೇಲೆ ಬರೆದಂತೆಯೇ ಇರಲಿ. ಕಡಿಮೆ ಹಾಕಿದರೆ ಉಣ್ಣೆ ಸಾಯದೆ ಔಷಧಿಗೆ ಒಗ್ಗಿಕೊಳ್ಳುತ್ತದೆ, ಹೆಚ್ಚಾದರೆ ಹಸುವಿಗೆ ವಿಷ. ಹಸುವಿಗೆ ಮೊದಲು ನೀರು ಕುಡಿಸಿ, ತಂಪು ಹೊತ್ತಿನಲ್ಲಿ, ಕೂದಲಿಗೆ ಎದುರಾಗಿ ಸಿಂಪಡಿಸಿ. ಕಿವಿಯೊಳಗೆ, ಗಂಗೆದೊಗಲು, ಕೆಚ್ಚಲ ಸಂದು, ಬಾಲದ ಬುಡ ಮರೆಯಬೇಡಿ. ಮೈ ಒಣಗುವವರೆಗೆ ನೆಕ್ಕದಂತೆ ನೋಡಿಕೊಳ್ಳಿ. ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಮಾಡಿ. ಒಂದೇ ಔಷಧಿಗೆ ಉಣ್ಣೆ ಬಗ್ಗದಿದ್ದರೆ ವೈದ್ಯರನ್ನು ಕೇಳಿ ಬೇರೆ ವರ್ಗದ ಔಷಧಿಗೆ ಬದಲಾಯಿಸಿ.

ರೇಷ್ಮೆ ಸಾಕುವವರಿಗೆ ಒಂದು ಮುಖ್ಯ ಎಚ್ಚರಿಕೆ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಮುಂತಾದ ಉಣ್ಣೆ ಔಷಧಿಗಳು ರೇಷ್ಮೆ ಹುಳುವಿಗೆ ಕಡುವಿಷ. ಹುಳು ಮನೆ, ಹಿಪ್ಪುನೇರಳೆ ತೋಟದ ಹತ್ತಿರ ಸಿಂಪಡಿಸಬೇಡಿ. ಸಿಂಪಡಿಸಿದ ಕೈ, ಬಟ್ಟೆಯಲ್ಲಿ ಸೊಪ್ಪು ಮುಟ್ಟಬೇಡಿ. ಸಾಧ್ಯವಾದರೆ ಒಂದು ಬೆಳೆ ಗೂಡು ಬಿಡಿಸಿ ಮುಂದಿನ ಚಾಕಿ ತರುವ ಮೊದಲಿನ ಬಿಡುವಿನಲ್ಲಿ ಈ ಕೆಲಸ ಮಾಡಿ.

ಮನೆಯವರ ಆರೋಗ್ಯಕ್ಕೂ ಗಮನ

ಥೈಲೇರಿಯಾ ಹಸುವಿನಿಂದ ಮನುಷ್ಯರಿಗೆ ಬರುವುದಿಲ್ಲ. ಆದರೆ ಉಣ್ಣೆ ಕಡಿತದಿಂದ ಮನುಷ್ಯರಿಗೆ ಬರುವ ಬೇರೆ ಜ್ವರಗಳಿವೆ. ಅಮೆರಿಕ, ಯೂರೋಪುಗಳಲ್ಲಿ ಹೆಚ್ಚಾಗಿರುವ ಲೈಮ್ ರೋಗದಲ್ಲಿ ಕಚ್ಚಿದ ಜಾಗದ ಸುತ್ತ ದಿನದಿನಕ್ಕೂ ಅಗಲವಾಗುವ ಕೆಂಪು ಬಳೆಯಂಥ ಗುರುತು, ಜ್ವರ, ಕೀಲುನೋವು ಇರುತ್ತವೆ. ನಮ್ಮದೇ ರಾಜ್ಯದ ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಬಳಿ ಮೊದಲು ಕಂಡಿತು. ಹಸುವಿನ ಮೇಲಿರುವ ಕಂದು ಉಣ್ಣೆಯ ಜಾತಿಯವೇ ಕ್ರಿಮಿಯನ್ ಕಾಂಗೋ ಜ್ವರವನ್ನೂ ಹರಡುತ್ತವೆ. ಗುಜರಾತಿನಲ್ಲಿ 2011ರಲ್ಲಿ ಅದು ಪ್ರಾಣ ತೆಗೆದಿದೆ. ಈ ಜ್ವರದಲ್ಲಿ ಹಸು ಚೆನ್ನಾಗಿಯೇ ಕಾಣುತ್ತದೆ, ಕಾಯಿಲೆ ಬೀಳುವುದು ಮನುಷ್ಯ.

ಆದ್ದರಿಂದ ಉಣ್ಣೆಯನ್ನು ಬೆರಳಲ್ಲಿ ಹಿಸುಕುವ, ಉಗುರಿನಲ್ಲಿ ಒರೆಯುವ ಅಭ್ಯಾಸ ಬಿಡಿ, ಮಕ್ಕಳ ಕೈಯಲ್ಲಿ ಆ ಕೆಲಸ ಮಾಡಿಸಬೇಡಿ. ಕೈಚೀಲ ಅಥವಾ ಪ್ಲಾಸ್ಟಿಕ್ ಚೀಲ ತೊಟ್ಟು, ಚರ್ಮದ ಹತ್ತಿರವೇ ಚಿಮುಟದಿಂದ ಹಿಡಿದು ನೇರವಾಗಿ ಕಿತ್ತು ಸೀಮೆಎಣ್ಣೆ ಅಥವಾ ಸೋಪಿನ ನೀರಿಗೆ ಹಾಕಿ. ಉಣ್ಣೆ ಕಚ್ಚಿದ ಮೇಲೆ ನಿಮಗೇ ಜ್ವರ ಬಂದರೆ, ಮೈ ಮೇಲೆ ಕೆಂಪು ಗುರುತು ಅಥವಾ ಕಪ್ಪು ಹಕ್ಕಳೆ ಕಂಡರೆ ಆಸ್ಪತ್ರೆಯಲ್ಲಿ "ನಾನು ಹಸು ಸಾಕುತ್ತೇನೆ, ಉಣ್ಣೆ ಕಚ್ಚಿತ್ತು" ಎಂದು ತಪ್ಪದೆ ಹೇಳಿ. ಆ ಒಂದು ಮಾತು ವೈದ್ಯರಿಗೆ ದಾರಿ ತೋರಿಸುತ್ತದೆ.

ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಪ್ರತಿ ಸಂಘದಲ್ಲೂ ಸದಸ್ಯರು ಬೆಳಿಗ್ಗೆ ಸಂಜೆ ಕ್ಯಾನಿನ ಮುಂದೆ ಸೇರುತ್ತೀರಿ. "ನಿಮ್ಮ ಹಸುವಿಗೆ ಗಂಟು ನೋಡಿದಿರಾ?" ಎಂದು ಪಕ್ಕದವರನ್ನು ಕೇಳಿ. ಇಂದು ಸಂಜೆ ಹಾಲು ಕರೆದ ಮೇಲೆ ನಿಮ್ಮ ಹಸುವಿನ ಹೆಗಲ ಮುಂದೆ ನೀವೂ ಒಮ್ಮೆ ಕೈಯಾಡಿಸಿ ನೋಡಿ.