ರಿಯೊದಲ್ಲಿ ಹುಟ್ಟಿದ ‘ಚಂದ್ರ’

ಕನ್ನಡ ವಿಕಿಪೀಡಿಯಾದಲ್ಲಿ ಯಾವುದಾದರೂ ಊರಿನ ಪುಟ ತೆರೆದು ನೋಡಿ. ಜಿಲ್ಲೆ, ಜನಸಂಖ್ಯೆ, ಪಿನ್‌ಕೋಡ್ ತುಂಬಿದ ಒಂದು ಚೌಕ ಬದಿಯಲ್ಲಿ ಕಾಣುತ್ತದಲ್ಲ? ಅಂಥ ಚೌಕಗಳನ್ನು ಜೋಡಿಸುವ ತೆರೆಮರೆಯ ಕೆಲಸ ‘ಲುವಾ’ ಎಂಬ ಪ್ರೋಗ್ರಾಮಿಂಗ್ ಭಾಷೆಯದು. ಬಿಸಿಎ ಓದುತ್ತಿರುವ ನನಗೆ ಇದರ ಪರಿಚಯವಾದದ್ದು ಪಠ್ಯದಿಂದಲ್ಲ, ಗೇಮ್ ಒಂದಕ್ಕೆ ಸ್ಕ್ರಿಪ್ಟ್ ಬರೆಯುವ ಹುಚ್ಚಿನಿಂದ. ಆಮೇಲೆ ಅದರ ಹುಟ್ಟೂರು ಹುಡುಕಿದೆ. ಅಮೆರಿಕವಲ್ಲ, ಯುರೋಪ್ ಅಲ್ಲ; ಬ್ರೆಜಿಲ್‌ನ ರಿಯೊ ಡಿ ಜನೈರೊದ ಒಂದು ಖಾಸಗಿ ವಿಶ್ವವಿದ್ಯಾಲಯ!

ಪಾಂಟಿಫಿಕಲ್ ಕ್ಯಾಥೊಲಿಕ್ ಯೂನಿವರ್ಸಿಟಿ ಎಂಬ ಉದ್ದ ಹೆಸರಿನ ಈ ಸಂಸ್ಥೆಯನ್ನು ಚಿಕ್ಕದಾಗಿ ‘ಪುಕ್-ರಿಯೊ’ ಎನ್ನುತ್ತಾರೆ. 1940ರಲ್ಲಿ ಕಾರ್ಡಿನಲ್ ಲೆಮೆ ಮತ್ತು ಜೆಸ್ವಿಟ್ ಪಾದ್ರಿ ಲಿಯೊನೆಲ್ ಫ್ರಾಂಕಾ ಇದನ್ನು ಕಟ್ಟಿದಾಗ ಇದ್ದದ್ದು ಕಾನೂನು, ತತ್ವಶಾಸ್ತ್ರದಂಥ ವಿಷಯಗಳು. 1946ರಲ್ಲಿ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿತು. ದೇಶದ ಮೊದಲ ಖಾಸಗಿ ವಿಶ್ವವಿದ್ಯಾಲಯ ಎಂಬ ಹೆಗ್ಗಳಿಕೆ ಇದರದು. 1955ರಲ್ಲಿ ಗಾವಿಯಾ ಎಂಬ ಬಡಾವಣೆಯ ಈಗಿನ ಕ್ಯಾಂಪಸ್ಸಿಗೆ ಬಂತು. ಇಲ್ಲಿಯವರೆಗೂ ಯಾವುದೇ ಹಳೆಯ ಮಿಷನ್ ಕಾಲೇಜಿನ ಕಥೆಯಂತೆಯೇ ಇದೆ.

ಕಥೆ ತಿರುವು ಪಡೆಯುವುದು 1960ರಲ್ಲಿ. ಆ ವರ್ಷ ಕ್ಯಾಂಪಸ್ಸಿಗೆ ಬರೋಸ್ ಕಂಪನಿಯ ಕಂಪ್ಯೂಟರ್ ಬಂತು. ಬ್ರೆಜಿಲ್‌ನ ಯಾವ ವಿಶ್ವವಿದ್ಯಾಲಯದಲ್ಲೂ ಅದುವರೆಗೆ ಕಂಪ್ಯೂಟರ್ ಇರಲಿಲ್ಲ. ಏಳೇ ವರ್ಷದಲ್ಲಿ, 1967ರಲ್ಲಿ, ಕಂಪ್ಯೂಟರ್ ವಿಜ್ಞಾನದಲ್ಲಿ ದೇಶದ ಮೊದಲ ಸ್ನಾತಕೋತ್ತರ ಕೋರ್ಸ್ ಇಲ್ಲಿ ಶುರುವಾಯಿತು. ಯಂತ್ರ ತಂದು ಉದ್ಘಾಟಿಸಿ ಬೀಗ ಹಾಕಲಿಲ್ಲ ಎನ್ನುವುದೇ ನನಗೆ ಇಲ್ಲಿ ಮುಖ್ಯವಾಗಿ ಕಾಣುತ್ತದೆ.

1987ರಲ್ಲಿ ಸರ್ಕಾರಿ ತೈಲ ಕಂಪನಿ ಪೆಟ್ರೊಬ್ರಾಸ್ ಜೊತೆ ಸೇರಿ ‘ಟೆಕ್‌ಗ್ರಾಫ್’ ಎಂಬ ಪ್ರಯೋಗಾಲಯ ತೆರೆದರು. ಕಂಪ್ಯೂಟರ್ ಉದ್ಯಮದಲ್ಲಿ ಸ್ವಾವಲಂಬನೆ ಬೇಕೆಂದು ಬ್ರೆಜಿಲ್ ಸರ್ಕಾರ 1977ರಿಂದ 1992ರವರೆಗೆ ವಿದೇಶಿ ಯಂತ್ರ, ತಂತ್ರಾಂಶಗಳಿಗೆ ಬಿಗಿ ನಿರ್ಬಂಧ ಹಾಕಿತ್ತು. ಹೊರಗಿನಿಂದ ಕೊಳ್ಳುವುದು ಕಷ್ಟವಾದ್ದರಿಂದ ಬೇಕಾದ್ದನ್ನು ತಾವೇ ಮಾಡಿಕೊಳ್ಳುವುದು ಆ ಪ್ರಯೋಗಾಲಯಕ್ಕೆ ರೂಢಿಯಾಯಿತು. ತೈಲ ಕಂಪನಿಯ ಎಂಜಿನಿಯರ್‌ಗಳು ವೃತ್ತಿಪರ ಪ್ರೋಗ್ರಾಮರ್‌ಗಳಲ್ಲ. ಅವರಿಗೆ ತಮ್ಮ ಮಾಹಿತಿ, ವರದಿಗಳನ್ನು ತಾವೇ ಹೊಂದಿಸಿಕೊಳ್ಳುವಷ್ಟು ಸರಳ ಭಾಷೆ ಬೇಕಿತ್ತು. ಮೊದಲು ಮಾಡಿದ ಪುಟ್ಟ ಭಾಷೆಯೊಂದರ ಹೆಸರು ‘ಸೋಲ್’, ಪೋರ್ಚುಗೀಸಿನಲ್ಲಿ ಸೂರ್ಯ. ಅದರ ಜಾಗಕ್ಕೆ 1993ರಲ್ಲಿ ರಾಬರ್ಟೊ ಯೆರುಸಾಲಿಮ್‌ಸ್ಕಿ, ಲೂಯಿಸ್ ಹೆನ್ರಿಕ್ ಡಿ ಫಿಗೆರೆಡೊ, ವಾಲ್ಡೆಮಾರ್ ಸೆಲೆಸ್ ಎಂಬ ಮೂವರು ತಂದದ್ದು ‘ಲುವಾ’. ಅಂದರೆ ಚಂದ್ರ.

ಮೂವರೂ ಜಾಣರು. 1996ರಲ್ಲಿ ಇದರ ಬಗ್ಗೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಬರೆದರು. ಅದು ಅಮೆರಿಕದ ಲ್ಯೂಕಸ್‌ಆರ್ಟ್ಸ್ ಗೇಮ್ ಕಂಪನಿಯ ಪ್ರೋಗ್ರಾಮರ್ ಒಬ್ಬರ ಕಣ್ಣಿಗೆ ಬಿತ್ತು. 1998ರ ‘ಗ್ರಿಮ್ ಫಾಂಡ್ಯಾಂಗೊ’ ಗೇಮ್‌ನೊಳಗೆ ಲುವಾ ಕೂತಿತು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಿಂದ ಹಿಡಿದು ಫೋಟೊ ತಿದ್ದುವ ಲೈಟ್‌ರೂಮ್‌ವರೆಗೆ ಆಮೇಲೆ ಅದು ನುಸುಳದ ಜಾಗ ಕಡಿಮೆ. ಬಳಸಲು ಬಿಡಿಗಾಸೂ ಬೇಡ.

ನಮ್ಮ ಮನೆಯಲ್ಲೀಗ ಪಿಯುಸಿ ಮುಗಿಸಿದ ತಂಗಿಗೆ ಸೀಟು ಹುಡುಕುವ ಗಡಿಬಿಡಿ. ಮೇಜಿನ ತುಂಬ ಬಣ್ಣದ ಬ್ರೋಷರ್‌ಗಳು. ಪ್ಲೇಸ್‌ಮೆಂಟ್ ಶೇಕಡಾವಾರು, ಎ.ಸಿ. ಹಾಸ್ಟೆಲ್, ಈಜುಕೊಳ ಎಲ್ಲ ಇವೆ. ‘ನಿಮ್ಮ ಲ್ಯಾಬ್ ಊರಿನ ಯಾವ ಸಮಸ್ಯೆ ಬಿಡಿಸುತ್ತಿದೆ’ ಎಂಬ ಪ್ರಶ್ನೆಗೆ ಒಂದರಲ್ಲೂ ಉತ್ತರವಿಲ್ಲ. ಅಪ್ಪನಿಗಂತೂ ಕೊನೆಯ ಪುಟದ ಫೀಸಿನ ಪಟ್ಟಿಯದೇ ಚಿಂತೆ.

ಫೀಸಿನ ವಿಷಯದಲ್ಲಿ ಪುಕ್-ರಿಯೊ ಕೂಡ ಅಗ್ಗದ್ದಲ್ಲ. ಬ್ರೆಜಿಲ್‌ನಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಓದು ಪೂರ್ತಿ ಉಚಿತ. ಆದರೆ ಪ್ರವೇಶ ಪರೀಕ್ಷೆ ಕಠಿಣ. ದುಬಾರಿ ಖಾಸಗಿ ಶಾಲೆಯಲ್ಲಿ ಕಲಿತ ಉಳ್ಳವರ ಮಕ್ಕಳೇ ಬಹುಕಾಲ ಆ ಉಚಿತ ಸೀಟುಗಳನ್ನು ಹೆಚ್ಚಾಗಿ ಹಿಡಿದರು. ಬಡವರ ಮಕ್ಕಳಿಗೆ ಉಳಿದದ್ದು ದುಡ್ಡು ಕೊಟ್ಟು ಓದುವ ದಾರಿ. ಎಂಥ ವಿಪರ್ಯಾಸ ನೋಡಿ! ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಅರ್ಧ ಸೀಟು ಮೀಸಲಿಡುವ ಕಾನೂನು ಬಂದದ್ದು 2012ರಲ್ಲಿ.

ಅದಕ್ಕೂ ಬಹಳ ಮೊದಲು, 1990ರ ದಶಕದಲ್ಲಿ, ಬಡ ಬಡಾವಣೆಗಳಲ್ಲಿ ಸ್ವಯಂಸೇವಕರು ನಡೆಸುತ್ತಿದ್ದ ಪ್ರವೇಶ ಪರೀಕ್ಷೆಯ ತರಗತಿಗಳಲ್ಲಿ ಓದಿ ಪಾಸಾದವರಿಗೆ ಪುಕ್-ರಿಯೊ ಶುಲ್ಕವಿಲ್ಲದೆ ಬಾಗಿಲು ತೆರೆಯಿತು. ಕ್ಯಾಂಪಸ್ ಇರುವ ಗಾವಿಯಾ ಶ್ರೀಮಂತರ ಬಡಾವಣೆ. ಅದಕ್ಕೆ ಒತ್ತಿಕೊಂಡೇ ರೊಸಿನ್ಯಾ ಎಂಬ ಭಾರಿ ಕೊಳೆಗೇರಿ ಇದೆ. ಶ್ರೀಮಂತರ ಮಕ್ಕಳ ಪಕ್ಕದ ಬೆಂಚಿನಲ್ಲಿ ಕೊಳೆಗೇರಿಯ ಹುಡುಗಿ ಕೂತು ಓದುವುದು ಎಷ್ಟು ಮುಜುಗರದ್ದಾಗಿರಬಹುದು ಎಂದು ನಮ್ಮ ಕಾಲೇಜುಗಳನ್ನು ನೋಡಿದ ಯಾರಾದರೂ ಊಹಿಸಬಲ್ಲರು.

ಹಾಗೆ ಬಂದವರಲ್ಲಿ ಮರಿಯೆಲಿ ಫ್ರಾಂಕೊ ಒಬ್ಬರು. ಮಾರೆ ಕೊಳೆಗೇರಿಯ ಹುಡುಗಿ, ಆಗಲೇ ಒಂದು ಮಗುವಿನ ತಾಯಿ. 2002ರಲ್ಲಿ ಪೂರ್ಣ ವಿದ್ಯಾರ್ಥಿವೇತನದ ಮೇಲೆ ಸಮಾಜವಿಜ್ಞಾನಕ್ಕೆ ಸೇರಿದರು. 2016ರಲ್ಲಿ ರಿಯೊ ನಗರಸಭೆಗೆ ಆಯ್ಕೆಯಾಗಿ ಪೊಲೀಸ್ ದೌರ್ಜನ್ಯದ ವಿರುದ್ಧ ದನಿ ಎತ್ತಿದರು. 2018ರ ಮಾರ್ಚ್ 14ರ ರಾತ್ರಿ ಕಾರಿನಲ್ಲಿ ಹೋಗುತ್ತಿದ್ದಾಗ ಗುಂಡಿಕ್ಕಿ ಕೊಂದರು. ಆಗ ಅವರಿಗೆ 38 ವರ್ಷ.