ಹಲವರು ಬರೆದ ದಾರಿ

ನಮ್ಮ ಕರಾವಳಿಯಲ್ಲಿ ದಾರಿ ಕೇಳಿದವನಿಗೆ ಸಿಗುವ ಉತ್ತರದಲ್ಲಿ ಅಂತರದ ಲೆಕ್ಕ ಕಡಮೆ, ಗುರುತುಗಳು ಹೆಚ್ಚು. ತೋಡಿನ ಬದಿಯಲ್ಲೇ ಹೋಗಿ, ಸಂಕ ದಾಟಿ, ಕಟ್ಟಪುಣಿಯ ಮೇಲೆ ನಡೆದು, ತಡಮೆ ಹತ್ತಿ ಇಳಿದರೆ ಗುಡ್ಡೆಯ ಬುಡ ಸಿಕ್ಕುತ್ತದೆ ಎನ್ನುತ್ತಾರೆ. ಗದ್ದೆಯ ಅಂಚಿಗೆ ಕಟ್ಟಪುಣಿ ಎಂದೂ, ದನ ನುಗ್ಗದಂತೆ, ಮನುಷ್ಯ ಮಾತ್ರ ದಾಟುವಂತೆ ಬೇಲಿಯಲ್ಲಿ ಮಾಡಿದ ಮೆಟ್ಟಿಲಿಗೆ ತಡಮೆ ಎಂದೂ ಹೆಸರು. ಇಷ್ಟು ಹೇಳಲು ಬಲ್ಲವನು ಆ ದಾರಿಯನ್ನು ನಡೆದೇ ಇರಬೇಕು. ಹೀಗೆ ಬಾಯಿಂದ ಬಾಯಿಗೆ ಬಂದ ತಿಳಿವಳಿಕೆಯನ್ನು ನಡೆದವರೆಲ್ಲರೂ ಸೇರಿ ಒಂದೇ ಕಡೆ ಬರೆದಿಡುವ ಏರ್ಪಾಡೊಂದು ಇಂದು ಜಗತ್ತಿನಾದ್ಯಂತ ನಡೆದಿದೆ. ಈ ಹೊತ್ತು ಆಡಲಿರುವ ಮಾತು ಅದನ್ನು ಕುರಿತದ್ದು.

ದಾರಿಯ ಬರಹ ನಮಗೆ ಹೊಸತೇನೂ ಅಲ್ಲ. 1800-01ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತಾನು ಕಂಡದ್ದನ್ನು ದಿನದಿನವೂ ಬರೆದಿಟ್ಟ. ಅದು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಇಂದಿಗೂ ಇತಿಹಾಸಕಾರರು ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆದರೆ ಅದು ಒಬ್ಬನ ಕಣ್ಣಿನ ಬರಹ, ಒಂದು ಸಲದ ಪಯಣದ ಬರಹ. ಅವನು ಹೋದ ಮೇಲೆ ಹೊಳೆ ಪಾತ್ರ ಬದಲಿಸಿದರೆ ಪುಸ್ತಕ ಬದಲಾಗದು.

ಈಗ ಹೇಳುವ ಬರಹ ಇನ್ನೊಂದು ಬಗೆಯದು. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬಾತ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕಾಶೆಯನ್ನು ಆರಂಭಿಸಿದ. ಅಲ್ಲಿ ಸರ್ಕಾರಿ ಮೋಜಣಿಯ ವಿವರಗಳು ಆಗ ದುಬಾರಿಯಾಗಿದ್ದವು. ಹಾಗಿರುವಾಗ ಜನರೇ ತಮ್ಮ ಬೀದಿಗಳನ್ನು ಅಳೆದು ಎಲ್ಲರಿಗೂ ಉಚಿತವಾಗಿ ಏಕೆ ಕೊಡಬಾರದು ಎಂಬುದು ಅವನ ಆಲೋಚನೆ. ಹೆಸರಿನಲ್ಲಿ ಬೀದಿ ಇದ್ದರೂ ಇಂದು ಅದರಲ್ಲಿ ಕಾಡುದಾರಿಗಳೂ ಶಿಖರಗಳೂ ನೀರಿನ ಒರತೆಗಳೂ ಸೇರಿವೆ. ಚಾರಣಿಗರು ಕೈಯಲ್ಲಿ ಹಿಡಿದು ಹೋಗುವ ಎಷ್ಟೋ ಮಾರ್ಗದರ್ಶಿಗಳ ತಳಹದಿ ಇದೇ. ಊರಿನಲ್ಲಿದ್ದಾಗಲೇ ಒಂದು ಪ್ರದೇಶದ ನಕಾಶೆಯನ್ನು ಫೋನಿಗೆ ಇಳಿಸಿಕೊಂಡರೆ ಸಿಗ್ನಲ್ ಇಲ್ಲದ ಘಟ್ಟದಲ್ಲಿಯೂ ಅದು ತೆರೆದುಕೊಳ್ಳುತ್ತದೆ.

ಇದನ್ನು ಬಳಸುವವರು ಮೊದಲು ಅರಿಯಬೇಕಾದ ಸಂಗತಿ ಒಂದಿದೆ. ಇಲ್ಲಿ ಪ್ರತಿಯೊಂದು ಗೆರೆಗೂ ಒಂದು ಚರಿತ್ರೆಯುಂಟು. ಯಾರು ಎಳೆದರು, ಯಾವ ದಿನ ಎಳೆದರು, ಅನಂತರ ಯಾರು ತಿದ್ದಿದರು ಎಂಬುದೆಲ್ಲ ಉಳಿದಿರುತ್ತದೆ. ಹಳೆಯ ಗ್ರಂಥವನ್ನು ಸಂಪಾದಿಸುವವರು ಪಾಠಾಂತರಗಳನ್ನು ನೋಡುವ ಹಾಗೆ ನಾವು ಇದನ್ನು ನೋಡಬೇಕು. ಐದಾರು ವರ್ಷಗಳ ಹಿಂದೆ ಒಬ್ಬರು ಉಪಗ್ರಹಚಿತ್ರವನ್ನು ನೋಡಿ ಮೇಜಿನ ಮುಂದೆಯೇ ಕುಳಿತು ಎಳೆದ ಗೆರೆಗೂ, ಕಳೆದ ಮಾಗಿಯಲ್ಲಿ ನಡೆದು ಬಂದವರು ಸರಿಪಡಿಸಿದ ಗೆರೆಗೂ ತೂಕ ಬೇರೆ. ಪರದೆಯ ಮೇಲೆ ಎರಡೂ ಒಂದೇ ಬಣ್ಣದಲ್ಲಿ ಕಾಣುತ್ತವೆ, ಅದೇ ತೊಡಕು. ದಾರಿಯ ಕಷ್ಟವನ್ನು ಸೂಚಿಸಲು ಸ್ವಿಟ್ಜರ್ಲೆಂಡಿನ ಆಲ್ಪೈನ್ ಕ್ಲಬ್ಬಿನವರ ಆರು ಹಂತಗಳ ಅಳತೆಗೋಲನ್ನು ಇಲ್ಲಿ ಬಳಸುತ್ತಾರೆ. ಒಳ್ಳೆಯದೇ, ಆದರೆ ಆಷಾಢದ ಮಳೆಯಲ್ಲಿ ಹಾವಸೆ ಕಟ್ಟಿದ ಪಾದೆಕಲ್ಲು ಏನೆಂಬುದು ಆಲ್ಪ್ಸಿನ ಅಳತೆಗೋಲಿಗೆ ತಿಳಿಯದು. ಇಂಬಳದ ಮಾತಂತೂ ಬೇಡ.

ಆದ್ದರಿಂದಲೇ ಓದುವವನು ಬರೆಯುವವನೂ ಆಗಬೇಕಾಗುತ್ತದೆ. ಬರೆಯುವುದೆಂದರೆ ಕಷ್ಟದ ವಿದ್ಯೆಯಲ್ಲ. ಜೀವನವೆಲ್ಲ ಕನ್ನಡ ಪಾಠ ಹೇಳಿದ ನನ್ನಂಥವನಿಗೂ ಒಂದು ವಾರದಲ್ಲಿ ಕೈಹತ್ತಿತು. ಹೆಸರು ನೋಂದಾಯಿಸಿಕೊಂಡು, ನಡೆದ ದಾರಿಯ ಗೆರೆಯನ್ನು ಎಳೆದು, ಅದು ಕಾಲುದಾರಿಯೋ ಗಾಡಿದಾರಿಯೋ, ನೆಲ ಮಣ್ಣಿನದೋ ಮುರಕಲ್ಲಿನದೋ, ನಡುವೆ ಸಂಕವಿದೆಯೋ ನೀರಿಗೇ ಇಳಿದು ದಾಟಬೇಕೋ ಎಂದು ಗುರುತಿಸುತ್ತಾ ಹೋಗುವುದು. ನಿಯಮಗಳಲ್ಲಿ ಮುಖ್ಯವಾದವು ಎರಡು: ಬೇರೆ ನಕಾಶೆಯಿಂದ ನಕಲು ಮಾಡಕೂಡದು, ಇನ್ನೊಬ್ಬರು ಅಲ್ಲಿಗೆ ಹೋಗಿ ನೋಡಿ ಹೌದೆನ್ನಬಹುದಾದದ್ದನ್ನೇ ಬರೆಯಬೇಕು.

ಸಂಕದ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಬಿಡುತ್ತದೆ. ಮಾರ್ಚಿನಲ್ಲಿ ಚಪ್ಪಲಿ ನೆನೆಯದೆ ದಾಟುವ ತೋಡು ಜುಲೈಯಲ್ಲಿ ಎದೆಯೆತ್ತರ ಹರಿಯುತ್ತದೆ. ಅದರ ಮೇಲೆ ಅಡಕೆ ಮರದ ಎರಡು ಕಾಂಡಗಳನ್ನು ಹಾಸಿದ ಕಾಲುಸಂಕ. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಇಂಥ ಕಾಲುಸಂಕದಿಂದ ಜಾರಿ ನೀರುಪಾಲಾದಳು. ದಿನವೂ ನಡೆಯುವ ದಾರಿಯೇ ಆ ಮಗುವಿಗೆ ಹಾಗಾಯಿತು. ಪರಸ್ಥಳದಿಂದ ಬಂದು, ನಕಾಶೆಯ ಗೆರೆಯನ್ನಷ್ಟೇ ನಂಬಿ, ಕತ್ತಲಾಗುವ ಹೊತ್ತಿಗೆ ತೋಡಿನ ದಡದಲ್ಲಿ ನಿಂತವನ ಪಾಡನ್ನು ಊಹಿಸಿಕೊಳ್ಳಿ. ದಾಟುವ ಜಾಗವನ್ನು ಗುರುತಿಸುವಾಗ ಯಾವ ಋತುವಿನಲ್ಲಿ ದಾಟಬಹುದು ಎಂಬುದನ್ನೂ ದಾಖಲಿಸಲು ಈ ನಕಾಶೆಯಲ್ಲಿ ಅವಕಾಶವಿದೆ. ಹೊರಗಿನವರಿಗೆ ಅದು ತಿಳಿಯುವ ಬಗೆಯಿಲ್ಲ. ತೋಡಿನ ಬದಿಯಲ್ಲಿ ಮನೆಯಿರುವವರು ಬರೆಯಬೇಕು, ಸಂಕ ಮುರಿದ ವಾರವೇ ಬರೆಯಬೇಕು.

ಇನ್ನು ಬರೆಯಬಾರದ ಸಂಗತಿಗಳೂ ಇವೆ. ಒಬ್ಬರ ತೋಟದ ನಡುವೆ ಹಾದುಹೋಗುವ ದಾರಿ ನೆರೆಹೊರೆಯವರ ದಾಕ್ಷಿಣ್ಯದ ಮೇಲೆ ನಡೆದುಬಂದದ್ದು. ನಕಾಶೆಯಲ್ಲಿ ಅದನ್ನು ಸಾರ್ವಜನಿಕ ಮಾರ್ಗದಂತೆ ತೋರಿಸುವುದು ನ್ಯಾಯವಲ್ಲ. ನಾಗಬನಕ್ಕೆ ಹೋಗುವ ಕಾಲುದಾರಿಯೂ ಹಾಗೆಯೇ ಎಂದು ನನ್ನ ಅಭಿಪ್ರಾಯ. ಕಾಡಿನ ವಿಚಾರವಂತೂ ಇನ್ನೂ ಸೂಕ್ಷ್ಮ. 2024ರ ಜನವರಿಯ ಕೊನೆಯ ರಜಾದಿನಗಳಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನಜಾತ್ರೆಯೇ ನೆರೆಯಿತು. ಅದರ ಬೆನ್ನಿಗೇ, ಮುಂಗಡ ನೋಂದಣಿಯ ವ್ಯವಸ್ಥೆ ಇಲ್ಲದ ಕಡೆಗಳಲ್ಲಿ ಚಾರಣವನ್ನು ಸರ್ಕಾರ ನಿಲ್ಲಿಸಬೇಕಾಯಿತು. 1987ರಲ್ಲಿ ರಾಷ್ಟ್ರೀಯ ಉದ್ಯಾನವೆನಿಸಿದ ಕುದುರೆಮುಖದಲ್ಲಿಯೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ದಾರಿ ಇದೆ ಎನ್ನುವುದು ಬೇರೆ, ನಡೆಯಲು ಹಕ್ಕಿದೆ ಎನ್ನುವುದು ಬೇರೆ. ನಕಾಶೆಯಲ್ಲಿ ಎರಡನ್ನೂ ಬೇರೆಬೇರೆಯಾಗಿ ನಮೂದಿಸಬಹುದು. ದಾರಿಯನ್ನು ಎಳೆದು ಅನುಮತಿಯ ಮಾತನ್ನು ಬಿಡುವವರೇ ಹೆಚ್ಚೆಂಬುದು ಬೇಸರದ ಸಂಗತಿ.

ನನ್ನನ್ನು ಈ ಕೆಲಸಕ್ಕೆ ಎಳೆದದ್ದು ಮಾತ್ರ ಸ್ಥಳನಾಮ. ಬೈಲು, ಮಜಲು, ಬೆಟ್ಟು ಎಂದರೆ ತಗ್ಗಿನ ಗದ್ದೆ, ನಡುಮಟ್ಟದ ಗದ್ದೆ, ಮೇಲಿನ ಗದ್ದೆ. ಕುದ್ರು ಎಂದರೆ ಹೊಳೆಯ ನಡುವಿನ ನೆಲ; ಪದವು ಎಂದರೆ ಗುಡ್ಡೆಯ ನೆತ್ತಿಯ ಬಯಲು. ಹೆಸರು ಕೇಳಿದೊಡನೆ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಇಳಿದುಹೋಗುತ್ತದೆ ಎಂಬುದು ನಡೆಯುವವನಿಗೆ ಅರ್ಥವಾಗಬೇಕು. ಇವೆಲ್ಲ ಇಂಗ್ಲಿಷ್ ಅಕ್ಷರಗಳಿಗೆ ಬಿದ್ದಾಗ ಟಕಾರ ತಕಾರಗಳ ಭೇದ ಅಳಿದು, ಊರ ಕಟ್ಟೆ ಪರವೂರಿನವರ ಬಾಯಲ್ಲಿ ಕತ್ತೆಯಾಗುತ್ತದೆ. ನಮ್ಮ ಅಲೆವೂರಿನ ಹೆಸರನ್ನೇ ಅವರು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಓದುತ್ತಾರೆ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಒಂದೇ ಜಾಗಕ್ಕೆ ಇಂಗ್ಲಿಷ್ ಹೆಸರಿನ ಜೊತೆಗೆ ಕನ್ನಡದ ಹೆಸರನ್ನೂ ತುಳುವಿನ ಹೆಸರನ್ನೂ ಬೇರೆಬೇರೆಯಾಗಿ ಬರೆದಿಡಬಹುದು.

ಗೆರೆ ಎಳೆಯುವ ಕೈಚಳಕ ಮಣಿಪಾಲದಲ್ಲಿ ಓದುವ ಹುಡುಗರಿಗೆ ಬೇಕಾದಷ್ಟಿದೆ. ಹೆಸರುಗಳಿರುವುದು ಗದ್ದೆ ಉತ್ತು, ದನ ಮೇಯಿಸಿ ಬೆಳೆದವರ ಬಾಯಲ್ಲಿ, ಅವರಲ್ಲಿ ಅನೇಕರಿಗೆ ಎಂಬತ್ತು ದಾಟಿದೆ. ಈ ಇಬ್ಬರನ್ನೂ ಒಂದು ಜಗಲಿಯಲ್ಲಿ ಕೂರಿಸುವ ಕೆಲಸ ನಮ್ಮಂಥ ನಡುವಿನವರದು. ಒಂದೇ ಗುಡ್ಡೆಗೆ ಈಚೆ ಬದಿಯವರು ಒಂದು ಹೆಸರನ್ನೂ ಆಚೆ ಬದಿಯವರು ಇನ್ನೊಂದನ್ನೂ ಹೇಳಿ ವಾದಕ್ಕೆ ನಿಲ್ಲುವುದುಂಟು. ಅಂಥಲ್ಲಿ ಎರಡನ್ನೂ ಬರೆದುಕೊಳ್ಳಬೇಕು. ಪರ್ಯಾಯ ನಾಮಕ್ಕೂ ಅಲ್ಲಿ ಒಂದು ಅಂಕಣವಿದೆ.