ದೇವಿಯ ಪೀಠದಡಿ ಅಶೋಕನ ಮಾತು: ಭೀಮಾ ತೀರದ ಸನ್ನತಿ

ಅಫಜಲಪುರ, ಜೇವರ್ಗಿ ಸೀಮೆ ದಾಟಿದ ಭೀಮೆ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಬರುತ್ತಾಳೆ. ಇಲ್ಲಿಯ ಚಂದ್ರಲಾ ಪರಮೇಶ್ವರಿ ಕರ್ನಾಟಕ, ಮಹಾರಾಷ್ಟ್ರದ ಅನೇಕ ಮನೆತನಗಳ ಕುಲದೇವತೆ. ದೇವಿ ದುಂಬಿಗಳನ್ನು ಬಿಟ್ಟು ದುಷ್ಟ ದೊರೆಯನ್ನು ಅಟ್ಟಿದ ಕಥೆ ಭಕ್ತರ ಬಾಯಲ್ಲಿದೆ. ಆ ಭಕ್ತರು ನಡೆದಾಡುವ ನೆಲದಡಿಯಲ್ಲೇ ಎರಡು ಸಾವಿರ ವರ್ಷಗಳಿಗೂ ಹಳೆಯ ಪಟ್ಟಣವಿದೆ.

1986ರಲ್ಲಿ ದೇವಸ್ಥಾನದ ಆವರಣದ ಕಾಳಿಗುಡಿಯ ಚಾವಣಿ ಕುಸಿದು ಮೂರ್ತಿ ಭಗ್ನವಾಯಿತು. ದುರಸ್ತಿಗೆಂದು ಪೀಠದ ಚಪ್ಪಡಿಯನ್ನು ಎತ್ತಿದಾಗ ಅದರ ಎರಡೂ ಮೈಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಅವು ಪ್ರಾಕೃತ ಭಾಷೆಯ ಅಶೋಕನ ಶಾಸನಗಳು. ಒಡಿಶಾದ ಧೌಲಿ, ಜೌಗಡದಲ್ಲಿ ಮಾತ್ರ ಸಿಕ್ಕಿದ್ದ ಎರಡು ಪ್ರತ್ಯೇಕ ಶಾಸನಗಳು ಇಲ್ಲೂ ಇದ್ದವು. ಜೊತೆಗೆ, ಅಶೋಕನ ಬಂಡೆ ಶಾಸನಗಳ ಸಾಲಿನಲ್ಲಿ ಆ ಎರಡು ಕಡೆ ಕೆತ್ತಿಸದ 12ನೆಯ ಶಾಸನವೂ ಇತ್ತು. ತನ್ನ ಪಂಥವನ್ನು ಹೊಗಳಲು ಪರರ ಪಂಥವನ್ನು ಹಳಿಯಬಾರದು ಎಂಬುದು ಅದರ ಸಾರ. ಮೂರ್ತಿ ನಿಲ್ಲಿಸಲು ನಡುವೆ ತೂತು ಕೊರೆದದ್ದರಿಂದ ಕೆಲವು ಅಕ್ಷರಗಳು ಹೋಗಿವೆ. ಪೀಠವಾಗಿ ಬಳಕೆಯಲ್ಲಿದ್ದುದರಿಂದಲೇ ಉಳಿದವು ಉಳಿದಿವೆ.

ಹತ್ತಿರದ ರಣಮಂಡಲ ಕೋಟೆಯಿಂದ ಸುತ್ತುವರಿದ ಹಳೆಯ ಪಟ್ಟಣ. ವಿಸ್ತಾರ ಸುಮಾರು 210 ಎಕರೆ. ಅಲ್ಲಿಂದ ಅನತಿದೂರದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 1994ರಿಂದ ಕೆ.ಪಿ. ಪೂಣಚ್ಚ ಅವರ ನೇತೃತ್ವದಲ್ಲಿ ಉತ್ಖನನ ನಡೆಸಿ ಬೌದ್ಧ ಮಹಾಸ್ತೂಪವನ್ನು ಬೆಳಕಿಗೆ ತಂದಿತು. ಶಾಸನಗಳಲ್ಲಿ ಅದರ ಹೆಸರು ‘ಅಧೋಲೋಕ ಮಹಾಚೈತ್ಯ’.

ಸ್ತೂಪದ ಮೈಗೆ ಹೊದಿಸಿದ್ದ ಸುಣ್ಣಕಲ್ಲಿನ ಚಪ್ಪಡಿಗಳ ಮೇಲೆ ಜಾತಕ ಕಥೆಗಳು, ಬುದ್ಧನ ಬದುಕಿನ ಘಟನೆಗಳು, ಶಾತವಾಹನ ಅರಸರ ರೂಪಗಳು ಮೂಡಿವೆ. ಒಂದು ಫಲಕದಲ್ಲಿ ಛತ್ರ ಚಾಮರಗಳ ನಡುವೆ ರಾಣಿಯೊಡನೆ ನಿಂತ ಅರಸನಿದ್ದಾನೆ. ಪಕ್ಕದಲ್ಲೇ ಅಶೋಕನ ಹೆಸರು. ಸಾಂಚಿಯಲ್ಲೂ ಅಶೋಕನೆಂದು ಗುರುತಿಸುವ ಶಿಲ್ಪಗಳುಂಟು. ಆದರೆ ಹೆಸರು ಬರೆದು ತೋರಿಸಿದ್ದು ಇಲ್ಲಿ. ಅಶೋಕ ತೀರಿಕೊಂಡು ಬಹುಕಾಲದ ನಂತರ ಕೆತ್ತಿದ್ದು ಇದು; ಶಿಲ್ಪಿ ಅವನನ್ನು ಕಂಡವನಲ್ಲ, ಜನ ಮಾತ್ರ ಅವನನ್ನು ಮರೆತಿರಲಿಲ್ಲ.

ಸ್ತೂಪ ಬಿದ್ದರೂ ಈ ತೀರದಲ್ಲಿ ಪೂಜೆ ನಿಲ್ಲಲಿಲ್ಲ, ದೇವರು ಬದಲಾದರು. ಚಂದ್ರಲಾಂಬೆಯ ದರ್ಶನಕ್ಕೆ ಹೋದವರು ಕನಗನಹಳ್ಳಿಗೂ ಹೋಗಿಬರಬೇಕು. ಸನ್ನತಿಯನ್ನು ಬರೀ ಬೌದ್ಧ ನೆಲೆ ಎಂದರೂ, ಬರೀ ದೇವಿಯ ಕ್ಷೇತ್ರ ಎಂದರೂ ಅರ್ಧವನ್ನಷ್ಟೇ ಹೇಳಿದಂತೆ.